ನಾಳೆಯ ಚೀಟಿ

ಹಸಿದು ಬಂದವನ ಕೈಗೆ ನಾಳೆಯ ಊಟದ ಚೀಟಿಯನ್ನಿತ್ತು ಕಳುಹಿಸುವುದು ಧರ್ಮವೆನಿಸದು. ಅಫೀಮು, ಹೆರಾಯಿನ್, ಉಗ್ರವಾದ ನೋವುನಿವಾರಕ ಗುಳಿಗೆ ಇವುಗಳಿಗೆ ದಾಸನಾದವನು ನಡುರಾತ್ರಿಯಲ್ಲಿ ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗಕ್ಕೆ ಬಂದಾಗ, ಅನೇಕ ಕಡೆಗಳಲ್ಲಿ ದೊರೆಯುವುದು ಇಂಥ ಉಪಚಾರವೇ. ವ್ಯಸನಮುಕ್ತಿ ಕೇಂದ್ರದ ವಿಳಾಸವನ್ನು ಹಿಡಿದು ಅವನು ಹೊರಬೀಳುತ್ತಾನೆ. ಬಾಧೆಯನ್ನು ತಾಳಲಾರದೆ ಬೆಳಗಾಗುವುದರೊಳಗೆ ಮತ್ತೆ ಆ ವಿಷವನ್ನೇ ಅರಸುತ್ತಾನೆ.

ಅಮಲು ಇಳಿದಾಗ ತೋರುವ ಆಕಳಿಕೆ, ಕಣ್ಣುಮೂಗುಗಳ ನೀರು, ವಾಂತಿ, ಭೇದಿ, ಎಲುಬು ಮುರಿದಂತಹ ನೋವು ಇವು ನಟನೆಯಲ್ಲ. ಮಿದುಳು ಆ ಪದಾರ್ಥಕ್ಕೆ ಒಗ್ಗಿಹೋದುದರ ಫಲ. ಇದಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಔಷಧವುಂಟು. ನಾಲಿಗೆಯ ಕೆಳಗಿಡುವ ಈ ಗುಳಿಗೆಯು ಅಫೀಮು ನೆಲಸುವ ಸ್ಥಾನದಲ್ಲಿಯೇ ತಾನು ನೆಲಸಿ ಬಾಧೆಯನ್ನು ಶಮನಗೊಳಿಸುವುದು. ಬಾಧೆಯ ಚಿಹ್ನೆಗಳು ಸ್ಪಷ್ಟವಾದ ಮೇಲೆಯೇ ಇದನ್ನು ಕೊಡತಕ್ಕದ್ದು. ಅವಸರಪಟ್ಟರೆ ಬಾಧೆ ಉಲ್ಬಣಿಸುವುದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ೩೨೯ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲವನ್ನು ೨೦೧೫ರಲ್ಲಿ ಪ್ರಕಟಿಸಿದರು. ತುರ್ತು ವಿಭಾಗದಲ್ಲಿಯೇ ಈ ಔಷಧವನ್ನು ಆರಂಭಿಸಿದವರಲ್ಲಿ ೩೦ನೆಯ ದಿನ ನೂರಕ್ಕೆ ೭೮ ಮಂದಿ ಚಿಕಿತ್ಸೆಯಲ್ಲಿದ್ದರು; ಬರಿಯ ಚೀಟಿ ಪಡೆದವರಲ್ಲಿ ೩೭ ಮಂದಿ ಮಾತ್ರ.

"ಒಂದು ಅಮಲನ್ನು ಬಿಡಿಸಲು ಇನ್ನೊಂದು ಅಮಲೇ?" ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಔಷಧದ ಆಸರೆಯಿಲ್ಲದೆ ಕೆಲವು ದಿನ ಬಿಟ್ಟಿದ್ದವನ ದೇಹವು ಹಿಂದಿನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಮನಸ್ಸು ಸೋತು ಹಳೆಯ ಪ್ರಮಾಣವನ್ನೇ ಸೇವಿಸಿದರೆ ಉಸಿರು ನಿಂತುಹೋಗಬಹುದು. ಆದುದರಿಂದ ಇಲ್ಲಿ ಪ್ರಶ್ನೆ ಶೀಲದ್ದಲ್ಲ, ಪ್ರಾಣದ್ದು.

ಈ ವಿಷಯ ನಮಗೆ ದೂರದ್ದೆಂದು ಭಾವಿಸಲಾಗದು. ಅಫೀಮಿನ ವರ್ಗದ ವಸ್ತುಗಳಿಂದ ಪೀಡಿತರಾಗಿ ನೆರವನ್ನು ಬಯಸತಕ್ಕವರು ದೇಶದಲ್ಲಿ ಸುಮಾರು ೭೭ ಲಕ್ಷವೆಂದು ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಹೇಳಿತು. ೨೦೧೭ರ ಮಾನಸಿಕ ಆರೋಗ್ಯ ಶಾಸನವು ಮಾದಕ ವಸ್ತುಗಳ ದುರುಪಯೋಗದಿಂದುಂಟಾಗುವ ಮನೋವಿಕಾರವನ್ನು ರೋಗವೆಂದೇ ಗಣಿಸಿದೆ. ಶಾಸನವು ರೋಗಿಯೆಂದವನನ್ನು ನಾವು ಅಪರಾಧಿಯೆಂದು ಕಾಣುವುದು ಉಚಿತವೇ?

೧೯೨೪ರಲ್ಲಿ ಸ್ಥಾಪಿತವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯು ಬಡವರ ಪಾಲಿನ ಆಶ್ರಯ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ತುರ್ತು ವಿಭಾಗವೂ ಮನೋರೋಗ ವಿಭಾಗವೂ ಕೈಜೋಡಿಸಿ, ಮೊದಲ ಗುಳಿಗೆಯನ್ನು ಅದೇ ರಾತ್ರಿ ಕೊಟ್ಟು, ಮರುದಿನದ ಭೇಟಿಯನ್ನು ನಿಶ್ಚಯಿಸಬೇಕು. ಔಷಧದ ಮೇಲೆ ಸರ್ಕಾರದ ಹತೋಟಿಯಿರುವುದು ಯುಕ್ತವೇ. ಆ ಹತೋಟಿಯು ರೋಗಿಗೆ ಬಾಗಿಲು ಮುಚ್ಚುವ ಅಗಳಿಯಾಗದಂತೆ ಅಧಿಕಾರಿಗಳು ನೋಡಿಕೊಳ್ಳತಕ್ಕದ್ದು. ತಾನಾಗಿ ಬಾಗಿಲಿಗೆ ಬಂದವನು ಮತ್ತೊಮ್ಮೆ ಬಂದಾನೆಂಬ ಭರವಸೆ ಯಾರಿಗೂ ಇಲ್ಲ.