ಹದಿನೇಳು ಗಂಟೆಯ ಲೆಕ್ಕ

ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನಂಥ ಊರಲ್ಲಿ ಹಿರಿಯರು ತೀರಿಕೊಂಡರೆ ಮೊದಲು ಏಳುವ ಪ್ರಶ್ನೆ, ಮಕ್ಕಳು ಬರಲು ಎಷ್ಟು ಹೊತ್ತಾಗುತ್ತದೆ ಎಂಬುದು. ಮಗ ಮೈಸೂರಿನಲ್ಲಿದ್ದರೆ ಚಿಂತೆಯಿಲ್ಲ, ಊರಿಗೇ ರೈಲಿದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ? ಮಣ್ಣು ಮಾಡುವುದನ್ನು ಎಷ್ಟು ಹೊತ್ತು ತಡೆಯಬೇಕೆಂಬ ಲೆಕ್ಕ ಶುರುವಾಗುತ್ತದೆ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ಆಕಾಶದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಎಂಬುದನ್ನು ನೆನೆದರೆ ಇದು ಮೂರನೇ ಒಂದು ಭಾಗಕ್ಕೂ ಹೆಚ್ಚು. ಶಾಲೆಯ ಗೋಡೆಯ ಭೂಪಟ ನೋಡಿದವರಿಗೆ ದಾರಿ ಪೆಸಿಫಿಕ್ ಸಾಗರದ ನಟ್ಟನಡುವೆ ಇದೆ ಎನಿಸುತ್ತದೆ. ಭೂಗೋಳದ ಚೆಂಡಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಸೈಬೀರಿಯಾದ ತುದಿಯನ್ನು ಮುಟ್ಟುತ್ತದೆ. ಎರಡು ನಗರಗಳೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದೇ ಇದಕ್ಕೆ ಕಾರಣ. ಉತ್ತರ ಧ್ರುವದ ಮೇಲೆಯೇ ಹಾದರೂ ಹೆಚ್ಚಾಗುವುದು ಕೆಲವು ನೂರು ಕಿ.ಮೀ. ಮಾತ್ರ.

ಏರ್ ಇಂಡಿಯಾ ಇಲ್ಲಿ ನೇರ ವಿಮಾನ ಆರಂಭಿಸಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ ಮೊದಲ ವಿಮಾನವನ್ನು ಧ್ರುವದ ಮೇಲಿನಿಂದ ತಂದರು. ಶನಿವಾರ, 9ರ ರಾತ್ರಿ ಹೊರಟದ್ದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿದದ್ದು ಸೋಮವಾರ, 11ರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ, ಆದರೆ ಪ್ರಯಾಣಿಕರ ಭಾನುವಾರವೇ ಮಾಯ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಹೋಗುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ಇಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದವರು ಅಂದೇ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾರೆ.

ಹೋಗುವುದಕ್ಕೂ ಬರುವುದಕ್ಕೂ ಹೊತ್ತು ಬೇರೆಯಾಗುವುದು ಗಾಳಿಯಿಂದ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ವೇಗ ಗಂಟೆಗೆ 150 ಕಿ.ಮೀ. ಮೀರುವುದುಂಟು. ಪೂರ್ವಕ್ಕೆ ಹಾರುವ ವಿಮಾನವನ್ನು ಅದು ತಳ್ಳುತ್ತದೆ. ಎದುರಾಗಿ ಬರುವುದನ್ನು ತಡೆಯುತ್ತದೆ. ಹೀಗಾಗಿ ಪೈಲಟ್‌ಗಳು ಗಾಳಿ ನೋಡಿ ದಾರಿ ಆರಿಸುತ್ತಾರೆ. ಧ್ರುವದ ದಾರಿಗೆ ಬೇರೆ ತೊಡಕುಗಳೂ ಇವೆ. ಕಾಂತಸೂಚಿ ಅಲ್ಲಿ ನಂಬಿಕೆಗೆ ಬರುವುದಿಲ್ಲ, ಇಂಧನ ಹೆಪ್ಪುಗಟ್ಟದಂತೆ ಉಷ್ಣಾಂಶ ಗಮನಿಸುತ್ತಿರಬೇಕು, ತುರ್ತಾಗಿ ಇಳಿಯಲು ನಿಲ್ದಾಣಗಳು ವಿರಳ.

ಆದರೆ ಊರಲ್ಲಿ ಕಾಯುವವರಿಗೆ 17 ಗಂಟೆ ಎಂಬುದು ಮೋಸದ ಅಂಕಿ. ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು, ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆಗಾಗಿ ಕಾಯುವಿಕೆ, ದೇವನಹಳ್ಳಿಯಿಂದ ಕೆ.ಆರ್. ಪೇಟೆ ತಾಲ್ಲೂಕು ಮುಟ್ಟಲು ಕಾರಿನಲ್ಲೂ ನಾಲ್ಕು ಗಂಟೆಯಾದರೂ ಬೇಕು. ಎಲ್ಲ ಸೇರಿ ಇಪ್ಪತ್ತೈದು ಗಂಟೆ ದಾಟುತ್ತದೆ. ಅದೂ ನೇರ ವಿಮಾನ ಸಿಕ್ಕರೆ. ಆರಂಭದಲ್ಲಿ ಅದು ವಾರಕ್ಕೆ ಎರಡೇ ದಿನವಿತ್ತು. ಇಲ್ಲವಾದರೆ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿ ಬರಬೇಕು; ಅಲ್ಲಿ ಕಾಯುವ ಗಂಟೆಗಳನ್ನೂ ಮನೆಯವರು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.