ಸಿಡಿಲಿನ ಹಿಂದೆ ಒಂದು ದಿನ

ವೈಶಾಖದ ಬಿಸಿಲು ನೆತ್ತಿಯನ್ನು ಸುಡುವ ದಿನಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರು ತಲೆಯೆತ್ತಿ ನೋಡುವುದು ಎರಡು ಕಾರಣಗಳಿಗಾಗಿ: ಗೊನೆಯಲ್ಲಿ ಕಾಯಿ ಎಷ್ಟು ನಿಂತಿದೆಯೆಂದು, ಆಗಸದಲ್ಲಿ ಮೋಡ ಎಲ್ಲಿ ಕಟ್ಟಿದೆಯೆಂದು. ಅಶ್ವಿನಿ, ಭರಣಿ, ಕೃತ್ತಿಕೆಗಳ ಮಳೆಯೇ ತೋಟದ ಬಾಯಾರಿಕೆಯನ್ನು ತಣಿಸತಕ್ಕದ್ದು. ಹೆಸರು ಅಲಸಂದೆಗಳ ಬಿತ್ತನೆಗೂ ಅದೇ ಆಧಾರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಈ ಮಳೆಯು ಒಂಟಿಯಾಗಿ ಬರುವುದಿಲ್ಲ. ಸಿಡಿಲನ್ನೂ ಜೊತೆಗೆ ಕರೆತರುತ್ತದೆ. ಭಾರತದಲ್ಲಿ ಪ್ರತಿವರ್ಷವೂ 2,000ಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಬಹುಮಂದಿ ಹೊಲತೋಟಗಳಲ್ಲಿ ದುಡಿಯುವವರು.

ಇಂಥ ಮಳೆಯಿಂದ ಓಡಿಹೋಗುವುದು ಲೋಕರೂಢಿ. ಅದನ್ನು ಮೋಟಾರಿನಲ್ಲಿ ಬೆನ್ನಟ್ಟುವವರೂ ಇದ್ದಾರೆಂದರೆ ವಾಚಕರು ನಕ್ಕಾರು. ಅಮೆರಿಕದ ಡೇವಿಡ್ ಹೋಡ್ಲಿ ಎಂಬವರು 1956ರಲ್ಲಿಯೇ ಈ ಹವ್ಯಾಸವನ್ನು ತೊಡಗಿದರು. 1972ರಿಂದ ಓಕ್ಲಹೋಮದ ವಿಜ್ಞಾನಿಗಳು ಸುಂಟರಗಾಳಿಯ ಸ್ವಭಾವವನ್ನು ಅರಿಯಲು ಇದೇ ಮಾರ್ಗವನ್ನು ಹಿಡಿದರು. ಅನುಭವಿಗಳಿಗೂ ಇದು ಆಟವಲ್ಲ. 2013ರ ಮೇ 31ರಂದು ಎಲ್ ರೀನೊ ಎಂಬಲ್ಲಿ ಟಿಮ್ ಸಮಾರಸ್ ಎಂಬ ನುರಿತ ಶೋಧಕರೂ ಅವರ ಮಗನೂ ಜೊತೆಗಾರರೊಬ್ಬರೂ ಸುಂಟರಗಾಳಿಗೆ ಸಿಕ್ಕಿ ಮಡಿದರು.

ಬೆಂಗಳೂರಿನಿಂದ ಬಂದಿದ್ದ ನಮ್ಮ ತಂಗಿಯ ಮಗನು ಭರಣಿಯ ಒಂದು ದಿನ, "ಮಾವ, ನಮ್ಮ ಸೀಮೆಯ ಸಿಡಿಲುಮಳೆಯ ಹಿಂದೆ ಹೋಗಿ ಬರೋಣವೆ?" ಎಂದಾಗ ನಾವು ಒಪ್ಪಿದೆವು, ದೂರದಿಂದ ನೋಡಬೇಕು, ಕಾರಿನಿಂದ ಇಳಿಯಬಾರದು ಎಂಬ ಎರಡು ಷರತ್ತುಗಳನ್ನು ಮಾತ್ರ ಹಾಕಿದೆವು. ಅವನ ಫೋನಿನಲ್ಲಿ 'ದಾಮಿನಿ' ಎಂಬ ಆ್ಯಪ್ ಇತ್ತು. ಸಿಡಿಲು ಎಲ್ಲೆಲ್ಲಿ ಬಿದ್ದಿತೆಂದು ತೋರಿಸುವ ಇದನ್ನು ರೂಪಿಸಿದವರು ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು. ಮಿಂಚಿಗೆ ಇರುವ ಸಂಸ್ಕೃತದ ಹೆಸರನ್ನೇ ಇಟ್ಟಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಮಧ್ಯಾಹ್ನ ಎರಡು ಗಂಟೆಗೆ ತಿಪಟೂರನ್ನು ಬಿಟ್ಟು ಕಿಬ್ಬನಹಳ್ಳಿ ಕ್ರಾಸಿಗೆ ಬಂದೆವು. ಬಲಕ್ಕೆ ತಿರುಗಿದರೆ ತುರುವೇಕೆರೆ, ಎಡಕ್ಕೆ ಚಿಕ್ಕನಾಯಕನಹಳ್ಳಿ. ತುರುವೇಕೆರೆಯ ಕಡೆ ಹೂಕೋಸಿನಂತೆ ಬಿಳಿಯ ಮೋಡವೊಂದು ನೋಡನೋಡುತ್ತ ಉಬ್ಬಿ ಮೇಲೇರುತ್ತಿತ್ತು. ಕಾದ ನೆಲದ ಬಿಸಿಗಾಳಿ ತೇವವನ್ನು ಹೊತ್ತು ಮೇಲೇರಿ ತಣಿದಾಗ ಇಂಥ ಮೋಡವಾಗುತ್ತದೆ. ಅದರ ನೆತ್ತಿಯು 12 ಕಿಲೋಮೀಟರಿಗೂ ಮೇಲೆ ಹೋಗುವುದುಂಟು. ಅಷ್ಟೆತ್ತರದಲ್ಲಿ ಹಿಮದ ಹರಳುಗಳೂ ಆಲಿಕಲ್ಲಿನ ಕಣಗಳೂ ಒಂದನ್ನೊಂದು ತಾಕಿ ವಿದ್ಯುತ್ತು ಕೂಡಿಕೊಳ್ಳುತ್ತದೆ. ಅದು ಹರಿಯುವುದೇ ಮಿಂಚು.

ಮಿಂಚು ಕಂಡೊಡನೆ ನಾವು ಅಭ್ಯಾಸಬಲದಿಂದ ಅರ್ಜುನನ ಹತ್ತು ಹೆಸರುಗಳನ್ನು ಹೇಳತೊಡಗಿದೆವು. ಸಿಡಿಲಿನ ಭಯಕ್ಕೆ ನಮ್ಮ ಹಿರಿಯರು ಕಲಿಸಿದ ಮದ್ದು ಅದು. ಆ ನಾಮಗಳು ಸಿಡಿಲನ್ನು ತಡೆಯುವುವೇ ಎಂಬ ವಾದ ಇಲ್ಲಿ ಬೇಡ. ಅವು ಒಳ್ಳೆಯ ಗಡಿಯಾರವೆಂಬುದು ಮಾತ್ರ ದಿಟ. ಬೆಳಕು ಕಣ್ಣಿಗೆ ಒಡನೆಯೇ ತಲುಪುತ್ತದೆ; ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಸೆಕೆಂಡಿಗೆ ಒಂದು ಹೆಸರಿನಂತೆ ಹೇಳಿದರೆ, ಹತ್ತು ಮುಗಿದಾಗ ಗುಡುಗು ಕೇಳಿಸಿದಲ್ಲಿ ಸಿಡಿಲು ಮೂರು ಕಿಲೋಮೀಟರಿನಾಚೆ ಬಿದ್ದಿದೆಯೆಂದು ತಿಳಿಯಬೇಕು. ನಾವು ಅಂದು ಮೊದಲು ಎಣಿಸಿದಾಗ ಮೂರು ಆವೃತ್ತಿಗಳು ಮುಗಿದವು. ತುರುವೇಕೆರೆಯ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ, ಮೋಡವೂ ನಮ್ಮೆದುರಿಗೇ ಬರುತ್ತಿದ್ದುದರಿಂದ, ಎಣಿಕೆ ಒಂದೂವರೆ ಆವೃತ್ತಿಗೆ ಇಳಿಯಿತು. ಕಾರನ್ನು ಹಿಂದಕ್ಕೆ ತಿರುಗಿಸಿದೆವು.

ಆಗಲೇ ರಸ್ತೆಯ ಬದಿಯ ಹುಣಸೆಮರದ ಕೆಳಗೆ ಒಬ್ಬ ಮುದುಕಿ ಹತ್ತಾರು ಕುರಿಗಳೊಡನೆ ನಿಂತಿದ್ದುದು ಕಂಡಿತು. "ಅಜ್ಜಿ, ಮರದಡಿ ನಿಲ್ಲಬೇಡಿ, ಕಾರಿನೊಳಕ್ಕೆ ಬನ್ನಿ" ಎಂದು ಹುಡುಗನು ಕೂಗಿದನು. "ಕುರಿ ಬಿಟ್ಟು ಎಂಗ್ ಬರ್ಲಪ್ಪಾ? ಇವೇ ನಮ್ ಬದುಕು" ಎಂದಳು ಆಕೆ. ಆ ಮಾತಿಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. "ತಾಯಿ, ನೀವು ಉಳಿದರಲ್ಲವೆ ಕುರಿ ಕಾಯುವುದು?" ಎಂದೆವು. ಆಕೆ ಕುರಿಗಳನ್ನು ಮರದಿಂದ ದೂರಕ್ಕೆ ಅಟ್ಟಿ, ಗೊಣಗುತ್ತ ಬಂದು ಕುಳಿತಳು. ಮಳೆ ಕವಿಯಿತು. ಅರ್ಜುನನ ಎರಡನೆಯ ಹೆಸರು ಬಾಯಿಗೆ ಬರುವ ಮೊದಲೇ ಎದುರಿನ ತೋಟದಲ್ಲಿ ಸಿಡಿಲು ಎರಗಿ ಒಂದು ತೆಂಗಿನ ಸುಳಿಯಿಂದ ಹೊಗೆ ಎದ್ದಿತು. ಹುಣಸೆಮರಕ್ಕೆ ಏನೂ ಆಗಲಿಲ್ಲ. ಕುರಿಗಳು ತೊಯ್ದವು, ಅಷ್ಟೆ. ಆದರೆ ಸಿಡಿಲು ಯಾವ ಮರವನ್ನು ಆರಿಸಿಕೊಳ್ಳುವುದೆಂದು ಮೊದಲೇ ಬಲ್ಲವರಾರು?

ನಾಲ್ಕೂವರೆಗೆ ಆ ಮಳೆ ನಿಂತಿತು. ಅಮೆರಿಕದ ಬಯಲುಗಳಲ್ಲಿ ತಿರುಗುವ ಮಹಾಮೇಘಗಳು ಗಂಟೆಗಟ್ಟಲೆ ಬದುಕಿದರೆ, ನಮ್ಮ ಸೀಮೆಯ ಒಂದೊಂದು ಮೋಡದ ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಸಾಯುವ ಮೋಡದಿಂದ ಇಳಿದ ತಂಗಾಳಿಯು ಮುಂದೆ ನುಗ್ಗಿ ಅಲ್ಲಿಯ ಬಿಸಿಗಾಳಿಯನ್ನು ಮೇಲೆತ್ತಿ ಮತ್ತೊಂದು ಮೋಡವನ್ನು ಹುಟ್ಟಿಸುವುದುಂಟು. ನಾವು ಚಿಕ್ಕನಾಯಕನಹಳ್ಳಿಯನ್ನು ಮುಟ್ಟುವ ವೇಳೆಗೆ ಹೊಸ ಮೋಡವು ಹುಳಿಯಾರಿನ ಕಡೆ ಮಿಂಚುತ್ತಿತ್ತು. ಗುಡುಗು ಮಾತ್ರ ಕೇಳಿಸಲಿಲ್ಲ.

ಮೂರು ವಾರದ ಮೇಲೆ ಅದೇ ದಾರಿಯಲ್ಲಿ ಹೋದಾಗ ಆ ತೆಂಗು ಒಣಗಿತ್ತು. ಅಕ್ಕಪಕ್ಕದ ನಾಲ್ಕು ಮರಗಳ ಗರಿಗಳೂ ಜೋತುಬಿದ್ದಿದ್ದವು. ತೆಂಗಿಗೆ ಇರುವುದು ಒಂದೇ ಸುಳಿ. ಅದು ಬೆಂದರೆ ಮರವು ಮತ್ತೆ ಚಿಗುರಲಾರದು. ಸಿಡಿಲು ನೆಲಕ್ಕಿಳಿದು ಸುತ್ತಲೂ ಹರಡುವುದರಿಂದ, ಮರವನ್ನು ಮುಟ್ಟದೆ ಅದರಡಿಯಲ್ಲಿ ನಿಂತವರಿಗೂ ಕ್ಷೇಮವಿಲ್ಲ. ಕಾರಿನಲ್ಲಿ ನಮ್ಮನ್ನು ಕಾಪಾಡುವುದು ಅನೇಕರು ನಂಬಿರುವಂತೆ ರಬ್ಬರಿನ ಚಕ್ರವಲ್ಲ, ಸುತ್ತಲಿನ ಲೋಹದ ಕವಚ. ವಿದ್ಯುತ್ತು ಅದರ ಹೊರಮೈಯಲ್ಲಿಯೇ ಹರಿದುಹೋಗುವುದೆಂಬುದನ್ನು 1836ರಲ್ಲಿ ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿಯು ತೋರಿಸಿದನು. ಸ್ಕೂಟರಿಗೂ ತೆರೆದ ಟ್ರ್ಯಾಕ್ಟರಿಗೂ ಆ ಕವಚವಿಲ್ಲ.

ಆದಕಾರಣ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮಿಂಚಿದಾಗ ಮಕ್ಕಳು ಹತ್ತು ಹೆಸರುಗಳನ್ನು ನಿಧಾನವಾಗಿ ಹೇಳಲಿ. ಮೂರು ಆವೃತ್ತಿಗಳು ಮುಗಿಯುವ ಮುನ್ನ ಗುಡುಗು ಕೇಳಿದರೆ ತೋಟದಲ್ಲಿರುವವರನ್ನು ಕೂಗಿ ಕರೆಯಿರಿ. ಕಾಯಿ ಕೀಳುವ ಗಳುವನ್ನು ಕೆಳಗಿಡಿಸಿ, ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಮುಟ್ಟಗೊಡದೆ, ಎಲ್ಲರನ್ನೂ ಗಟ್ಟಿಯಾದ ಮನೆಯೊಳಗೆ ಸೇರಿಸಿ. ಕೊನೆಯ ಗುಡುಗಾದ ಮೇಲೆ ಅರ್ಧಗಂಟೆ ಹೊರಕ್ಕೆ ಕಾಲಿಡಬೇಡಿ. ಕಾಯಿ ನಾಳೆಯೂ ಮರದಲ್ಲಿರುತ್ತದೆ.