ಮಗುವಿನ ಚಿಕಿತ್ಸೆಗೆ ಕಾನೂನಿನ ಆಸರೆ

ದಂಪತಿಗಳೇ,

ಮಗುವಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವುದೂ ಪೌಷ್ಟಿಕ ಆಹಾರ ನೀಡುವುದೂ ನಿಮ್ಮ ಕರ್ತವ್ಯವೆಂಬುದನ್ನು ನೀವು ಬಲ್ಲಿರಿ. ಆದರೆ ಹಸುಳೆಗೆ ಹೃದಯದ ದೋಷವೋ ತೀವ್ರ ನ್ಯುಮೋನಿಯವೋ ಕಂಡುಬಂದಾಗ ಹೊಲವನ್ನು ಒತ್ತೆಯಿಟ್ಟು, ಒಡವೆ ಮಾರಿ ಚಿಕಿತ್ಸೆ ಕೊಡಿಸುವ ಕುಟುಂಬಗಳು ಇಂದಿಗೂ ಇವೆ. ಇಂಥ ವೆಚ್ಚಕ್ಕೆ ಕಾನೂನಿನಲ್ಲಿಯೂ ಸರ್ಕಾರದ ಯೋಜನೆಗಳಲ್ಲಿಯೂ ಏರ್ಪಾಡುಂಟು. ಮಗುವಿನ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಅದು ಆಪತ್ತಿನ ವೇಳೆಯಲ್ಲಿ ಸುಲಭವಾಗಿ ಕೈಗೆಟುಕದು.

ಮೊದಲ ಹೆಜ್ಜೆ: ಜನನ ನೋಂದಣಿ

1969ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಣಾಧಿಕಾರಿಗೆ ತಿಳಿಸತಕ್ಕದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅಲ್ಲಿನ ವೈದ್ಯಾಧಿಕಾರಿಯೂ, ಮನೆಯಲ್ಲಾದರೆ ಮನೆಯ ಯಜಮಾನರೂ ಈ ಕೆಲಸ ಮಾಡಬೇಕು. ನಾಮಕರಣವಾಗಲಿ ಎಂದು ಕಾಯಬೇಡಿ. ಹೆಸರಿಡುವ ಮೊದಲೇ ಜನನವನ್ನು ನೋಂದಾಯಿಸಬಹುದು. ಒಂದು ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ನೋಂದಣಿಯೇ ಆಗದೆ ಒಂದು ವರ್ಷ ಕಳೆದರೆ ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ಪ್ರಮಾಣಪತ್ರ ದೊರೆತ ಮೇಲೆ ಮಗುವಿಗೆ ಆಧಾರ್ ಮಾಡಿಸಿ, ಪಡಿತರ ಚೀಟಿಗೆ ಹೆಸರು ಸೇರಿಸಲು ಅರ್ಜಿ ಕೊಡಿರಿ.

ಕಾರ್ಖಾನೆಯಲ್ಲಿ ದುಡಿಯುವವರಿಗೆ

ನಿಮ್ಮಲ್ಲಿ ಒಬ್ಬರು ಸಮೀಪದ ಪಟ್ಟಣದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುತ್ತಿದ್ದು, ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದ್ದರೆ ಮಕ್ಕಳಿಗೂ ವೈದ್ಯಕೀಯ ಸೌಲಭ್ಯ ಸಲ್ಲುತ್ತದೆ. 1948ರ ಕಾಯಿದೆಯಲ್ಲಿದ್ದ ಈ ನಿಯಮವು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಇದರಂತೆ ಕೆಳಗಿನ ಅವಲಂಬಿತ ಮಕ್ಕಳು ಅರ್ಹರು:

1. ಅಪ್ರಾಪ್ತ ವಯಸ್ಸಿನ ಮಕ್ಕಳು. ದತ್ತು ಮಕ್ಕಳಿಗೂ ಇದೇ ಹಕ್ಕುಂಟು.
2. ವಿದ್ಯಾಭ್ಯಾಸ ಮಾಡುತ್ತಿರುವವರು, 21 ವರ್ಷ ತುಂಬುವವರೆಗೆ.
3. ಅವಿವಾಹಿತ ಮಗಳು.
4. ದೈಹಿಕ ಅಥವಾ ಮಾನಸಿಕ ನ್ಯೂನತೆಯುಳ್ಳವರು, ಆ ನ್ಯೂನತೆ ಇರುವವರೆಗೆ.

ಮಗು ಹುಟ್ಟಿದ ಸಂಗತಿಯನ್ನು ಮಾಲೀಕರಿಗೆ ತಿಳಿಸಿ, ಹೆಸರು ಸೇರಿಸುವುದನ್ನು ಮರೆಯಬಾರದು.

ರೈತರಿಗೂ ಕೂಲಿಕಾರರಿಗೂ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವು ಶಾಸನವಲ್ಲ, ಸರ್ಕಾರದ ಯೋಜನೆ. ಬಿ.ಪಿ.ಎಲ್. ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಈ ಮೊತ್ತ ಇಡೀ ಕುಟುಂಬಕ್ಕೆ ಸೇರಿದ್ದು, ತಲೆಗೊಂದರಂತೆ ಅಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಬನ್ನಿ. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ಅಲ್ಲಿಂದಲೇ ಶಿಫಾರಸು ಪತ್ರ ಕೊಡುತ್ತಾರೆ. ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯದೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಯಾವ ವಿಮೆಯೂ ಇಲ್ಲದಿದ್ದರೆ?

ಎದೆಗುಂದಬೇಡಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ, ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ರಕ್ತ ಹಾಗೂ ವಾಹನ ಸೌಕರ್ಯ ಉಚಿತ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡವು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು, 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಸೀಳುತುಟಿ, ಸೊಟ್ಟಪಾದ, ಹುಟ್ಟು ಹೃದ್ರೋಗಗಳನ್ನು ಬೇಗ ಗುರುತಿಸಿದರೆ ಚಿಕಿತ್ಸೆಯೂ ಹೆಚ್ಚು ಫಲಕಾರಿ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿರಿ.

ರೋಗವು ಹೇಳಿ ಬರುವುದಿಲ್ಲ. ದಾಖಲೆಗಳನ್ನಾದರೂ ಮೊದಲೇ ಸಿದ್ಧವಾಗಿಡಬಹುದು. ಸಂದೇಹವಿದ್ದಲ್ಲಿ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಇಂದೇ ವಿಚಾರಿಸಿರಿ.